ಬಿಳಿ ಮ್ಯಾಲ ಬಿಳಿ

ಮೊದಲ ಈ ಬಳ್ಳಿ ತೆಗೀಬೇಕು ಸಾಬಮ್ಮ,
ನಾಲ್ಕೂ ಮೂಲಿಗೆ ಹೂ ಬಿಟ್ಟದ್ದು.
ನಾನೇ ಹಾಕಿದ್ದು, ಹೋದ ವರ್ಷ,
ಮದುವಿ ಕಾರ್ಡಿನ ಫೈಲಿನಿಂದ ಎತ್ತಿ.
ಛಂದ ಕಾಣತಿತ್ತು. ಆದ್ರ ಕಂಡವರು ಯಾರು?
ನಲವತ್ತು ಕಡೆ ಕಳಿಸಿದ್ವಿ.
ರಾತ್ರಿ ಹನ್ನೊಂದಕ್ಕ ಕಳಿಸಿದ್ರ
ಹನ್ನೊಂದು ದಾಟಿ ಒಂದು ನಿಮಿಷಕ್ಕ
'ವಿಷಾದಿಸುತ್ತೇವೆ' ಅಂತ ಬಂತು.
ಅಷ್ಟು ಲಗೂನ ಯಾವ ಮನುಷ್ಯಾ ವಿಷಾದ ಮಾಡತಾನ?

ಕಡೇಚೂರಿನ ಔಷಧ ಫ್ಯಾಕ್ಟರಿ ಗೇಟಿನ್ಯಾಗ
ಈಗ ವಾಚ್‌ಮನ್ ಅರ್ಜಿ ತೊಗೊಳೂದಿಲ್ಲ.
ಗ್ವಾಡಿಗಿ ಒಂದು ಕಪ್ಪು-ಬಿಳಿ ಚೌಕ ಅಂಟಿಸ್ಯಾರ,
ಫೋನ್ ಹಿಡೀರಿ ಅಂತಾನ, ಮುಖ ಎತ್ತೂದಿಲ್ಲ.
ಅದರಾಚೆ ಒಂದು ಸಾಫ್ಟ್‌ವೇರ್ ಕೂತದ.
ಅದೇ ಮೊದಲ ಓದತದ, ಅದೇ ಸೋಸತದ,
ಸೋಸಿ ಉಳದದ್ದು ಮನುಷ್ಯಾರ ಕೈಗೆ.
ಅದಕ್ಕ ಎರಡು ಕಾಲಂ ಕೊಟ್ರ
ಅಡ್ಡಾಗೆ ಓದಿ ಕಲಸತದ:
ಜಿನ್ನಿಂಗ್ ಮಿಲ್ಲಿನ ನಿನ್ನ ಹನ್ನೊಂದು ವರ್ಷಾನ
ನಿನ್ನ ಗಂಡನ ಹೆಸರಿಗೆ ಹಚ್ಚಿ,
ಯಾದಗಿರಿ ಪಿನ್ ಕೋಡನ್ನ ಪಗಾರ ಅಂತ ತಿಳಕೊಂಡು.
ತಿಂಗಳಿಗೆ ಐದು ಲಕ್ಷ ಎಂಬತ್ತೈದು ಸಾವಿರ ಕೇಳ್ಯಾಳ ಈಕಿ
ಅಂತ ಬಾಗಲಾ ಹಾಕಿರಬೇಕು.

ಫೋಟೋ ಬ್ಯಾಡ. ಡಬ್ಬಿ ಬ್ಯಾಡ.
ಮ್ಯಾಲಿನ ಶ್ರೀ ಗುರು ಪ್ರಸನ್ನನೂ ಬ್ಯಾಡ.
"ದೇವರನ್ನೂ ತೆಗೀತಿ ಏನು, ಇಮಾಮಣ್ಣ?"
ಏನು ಮಾಡ್ಲವ್ವ, ದೇವರು ಇರೂದು ಹೆಡರಿನ್ಯಾಗ,
ಹೆಡರಿನ್ಯಾಗ ಇದ್ದದ್ದು ಅದು ಓದೂದೇ ಇಲ್ಲ.
ನಿನ್ನ ಫೋನ್ ನಂಬರೂ ಅಲ್ಲೇ ಇತ್ತು, ಪಾಪ,
ಒಂದು ವರ್ಷ ದೇವರ ಮಗ್ಗಲಾಗ.

ಹೆಸರು: ಶಾಲಿ ದಾಖಲಾತಿ ಒಳಗ ಶಾಬಮ್ಮ,
ಆಧಾರದಾಗ ಸಾಬಮ್ಮ,
ಬ್ಯಾಂಕಿನ್ಯಾಗ ಅಡ್ಡಹೆಸರು ಇಲ್ಲಂತ
ಸಾಬಮ್ಮ ಸಾಬಮ್ಮ, ಯಾರೋ ದೂರಿಂದ ಕರದಂಗ.

ಇನ್ನ ಕೆಲಸ. ಏನು ಮಾಡತಿದ್ದಿ, ಸರಿಯಾಗಿ ಹೇಳು.
"ಮಷೀನ್ ನೋಡ್ಕೋತಿದ್ದೆ."
ನೋಡ್ಕೊಳ್ಳೂದು ಅಂದ್ರ?
"ನೋಡ್ಕೊಳ್ಳೂದು ಅಂದ್ರ ಕೇಳೂದು.
ಹತ್ತಿ ಹೆಚ್ಚು ತುರುಕಿದ್ರ ಒಂದು ಸಪ್ಪಳ,
ಕಾಳು ಸಿಕ್ಕ್ರ ಒಂದು,
ಬೇರಿಂಗ್ ಒಣಗಿದ್ರ ಸಣ್ಣಗ, ಎಳೆ ಕೂಸು ಹಸದಂಗ.
ಫಿಟ್ಟರ್ ಬರೂಕಿಂತ ಮೊದಲೇ ನನಗ ಗೊತ್ತಾಗತಿತ್ತು."

ನಾ ಬರದೆ: ಪ್ರಿವೆಂಟಿವ್ ಮೆಂಟೆನೆನ್ಸ್.
ಜಾಹೀರಾತಿನ್ಯಾಗ ಹ್ಯಾಂಗದನೋ ಹಂಗ,
ಒಂದಕ್ಷರ ಆಕಡೆ ಈಕಡೆ ಇಲ್ಲದಂಗ.
ಅವರು ಕೊಟ್ಟ ಮಾತನ್ನೇ ಅವರಿಗೆ ಒಪ್ಪಸಬೇಕು,
ಮಗ್ಗಿ ಒಪ್ಪಿಸಿದಂಗ.
ಅವ್ವ ಹಾಸಿಗಿ ಹಿಡದ ಎರಡು ವರ್ಷ ಎಲ್ಲಿ ಇಡೂದು
ಅಂತ ಕೇಳಿದ್ಳು.
ನನಗ ಜಾಗಾ ಸಿಗಲಿಲ್ಲ.
ಖಾಲಿ ಬಿಟ್ರ ಅದಕ್ಕ ಸಿಟ್ಟು, ತುಂಬಿದ್ರ ತಿಳಿಯೂದಿಲ್ಲ.

ಪ್ರಿಂಟರ್ ಹಚ್ಚಿದೆ.
ಅರ್ಧ ಹಾಳಿ ಹೊರಗ ಬರೂದ್ರೊಳಗ
"ಬಂದ್ ಮಾಡು" ಅಂದ್ಳು,
"ಎಡಗಡೆ ರೋಲರಿಗೆ ಏನೋ ತಿಕ್ಕಲಿಕ್ಕತ್ತದ."
ಮುಚ್ಚಳ ತೆಗದ್ರ ಒಂದು ಸ್ಟೇಪ್ಲರ್ ಪಿನ್ನು,
ಯಾರದೋ ಜಾತಿ ಸರ್ಟಿಫಿಕೇಟಿಂದ ಬಿದ್ದದ್ದು.

ಗಾಂಧಿ ಚೌಕಿನ ಹುಡುಗರು ಒಂದು ಉಪಾಯ ಕಲಿಸ್ಯಾರ ನನಗ:
ಬೇಕಾದ ಶಬ್ದ ಎಲ್ಲಾ ಬಿಳಿ ಬಣ್ಣದಾಗ ಬರದು
ಕಡೀ ಸಾಲಿನ ಕೆಳಗ ಅಡಗಿಸೂದು.
ಮನುಷ್ಯಾರಿಗೆ ಕಾಣೂದಿಲ್ಲ, ಮಷೀನಿಗೆ ಕಾಣತದ.
ಸುಳ್ಳಿನ ಕೆಲಸ. ನಾ ಮಾಡಿಲ್ಲ, ಒಂದೆರಡು ಸಲ ಬಿಟ್ರ.
ಇವತ್ತ ಮಾಡಿದೆ. ಆದ್ರ ಅವರ ಶಬ್ದ ಹಾಕಲಿಲ್ಲ.
ಬಿಳಿ ಹಾಳಿ ಮ್ಯಾಲ ಬಿಳಿ ಅಕ್ಷರ, ಅಳತಿ ಎಂಟು,
ಕನ್ನಡದಾಗೇ, ಯೂನಿಕೋಡಿನ್ಯಾಗ
(ನುಡಿಯಾಗ ಹೊಡದ್ರ ಅದಕ್ಕ ಬರೇ ಗೀಚು):
ಈಕಿ ಸಪ್ಪಳ ಕೇಳಿ ರೋಗ ಹೇಳತಾಳ.
ಎರಡು ವರ್ಷ ಅವ್ವನ ಉಸಿರು ಕೇಳಕೋತ ಕೂತಿದ್ಳು.

"ಅಲ್ಲೇನೂ ಇಲ್ಲಲ್ಲ" ಅಂದ್ಳು ಸಾಬಮ್ಮ.
ಅದ, ಅಂದೆ.
ಆಕಿ ಬಲಗೈ ತಿರುವಿ, ಬೆರಳಿನ ಹಿಂದಿನ ಕಡೆಯಿಂದ
ಪರದೆ ಮ್ಯಾಲಿನ ಆ ಖಾಲಿ ಜಾಗಾ ಮುಟ್ಟಿದ್ಳು,
ಬಿಸಿ ಆಗ್ಯಾದೋ ಏನೋ ಅಂತ ನೋಡೂವರಂಗ.